ಬಾಗಿಲಿಲ್ಲದ ಆಫೀಸು

ಲಾಯರಮ್ಮನ ಆಫೀಸಿಗೆ ಬಾಗಿಲೇ ಇರಲಿಲ್ಲ. ಬೋರ್ಡೂ ಇರಲಿಲ್ಲ, ಕಕ್ಷಿದಾರರು ಕಾದು ಕೂರುವ ಬೆಂಚೂ ಇರಲಿಲ್ಲ. ಇದ್ದದ್ದು ಒಂದು ಮೇಜು, ಒಂದು ಲ್ಯಾಪ್‌ಟಾಪು, ಒಂದು ತಂತಿಯಿಲ್ಲದ ಇಯರ್‌ಫೋನು, ಬೆನ್ನ ಹಿಂದಿನ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ ಕಾನೂನು ಪುಸ್ತಕಗಳು. ಪರದೆಯಲ್ಲಿ ನೋಡುವವರಿಗೆ ಅದು ದೊಡ್ಡ ವಕೀಲರ ಕೋಣೆಯ ಹಾಗೇ ಕಾಣುತ್ತಿತ್ತು. ಲ್ಯಾಪ್‌ಟಾಪನ್ನು ಒಂದು ಗೇಣು ಎಡಕ್ಕೆ ತಿರುಗಿಸಿದ್ದರೆ ಸಾಕಿತ್ತು, ಬಣ್ಣ ಬಯಲಾಗುತ್ತಿತ್ತು. ಮೇಜಿಗೆ ತಾಗಿಕೊಂಡೇ ಒಂದು ಮಂಚ, ತಲೆದಿಂಬಿನ ಪಕ್ಕ ಔಷಧಿಯ ಬಾಟಲಿಗಳು, ಕಿಟಕಿಯ ಸರಳಿಗೆ ಒಣಹಾಕಿದ ಟವೆಲು, ಮಂಚದ ಮೇಲೆ ಅಮ್ಮ.

ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಇದ್ದದ್ದು ಒಂದೇ ಕೋಣೆ, ಒಂದು ಅಡುಗೆಮನೆ. ಬಿಟ್ಟು ಹೋಗುವಂತಿಲ್ಲ, ಬಿಡದೆ ದುಡಿಯುವಂತಿಲ್ಲ. ಲಾಯರಮ್ಮ ಹಿರಿಯ ವಕೀಲರ ಕಚೇರಿಯ ಕೆಲಸ ಬಿಟ್ಟು ಮನೆಯಲ್ಲೇ ಈ ಆಫೀಸು ತೆರೆದದ್ದು ಹಾಗೆ. ಜೊತೆಗೆ ಓದಿದ್ದ ಗೆಳೆಯನೊಬ್ಬ ಪಾಲುದಾರನಾದ. ಕಾಲೇಜಿನಲ್ಲಿ ಅವನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು, ಈಗಲೂ ಅವನು ಕನ್ನಡಕವೇ. "ನೀನು ಮನೇಲಿ ಕೂತು ಮಾತಾಡು, ನಾನು ಕೋರ್ಟಿಗೆ ಓಡಾಡ್ತೀನಿ. ಇಬ್ಬರೂ ಸೇರಿದ್ರೆ ಒಬ್ಬ ಪೂರ್ತಿ ಲಾಯರ್ ಆಗ್ತೀವಿ" ಎಂದಿದ್ದ.

ಮೊದಲ ಕಕ್ಷಿದಾರ ಸಿಗುವ ಮೊದಲೇ ಲಾಯರಮ್ಮ ವಿಸಿಟಿಂಗ್ ಕಾರ್ಡು ಮಾಡಿಸಿದಳು. ಅದನ್ನು ನೋಡಿ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಬಿದ್ದು ಬಿದ್ದು ನಕ್ಕಿದ್ದಳು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದ ಹಾಗಾಯ್ತು. ಆಫೀಸಿಗೆ ಬಾಗಿಲೇ ಇಲ್ಲ, ಕಾರ್ಡು ಮಾತ್ರ ಫಳಫಳ!"

"ನಗು ಚಿಕ್ಕಮ್ಮ, ನಗು. ನಾಳೆ ನಿನ್ನ ಓನರ್ ಮನೆ ಖಾಲಿ ಮಾಡು ಅಂದ್ರೆ ಇದೇ ಕಾರ್ಡು ಹುಡುಕ್ಕೊಂಡು ಬರ್ತೀಯ."

ನಾಚಿಕೆ ಮಾನ ಬಿಟ್ಟು ಲಾಯರಮ್ಮ ಕಂಡವರಿಗೆಲ್ಲ ಕಾರ್ಡು ಹಂಚಿದಳು. ಹಾಲಿನವನಿಗೆ, ಔಷಧಿ ಅಂಗಡಿಯವರಿಗೆ, ಕೊಳಾಯಿ ರಿಪೇರಿಯವನಿಗೆ, ಅಮ್ಮನ ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಗೆ. "ಯಾರಿಗಾದ್ರೂ ಬೇಕಾದ್ರೆ ಕೊಡಿ" ಎನ್ನುತ್ತಿದ್ದಳು. ಹೊಸ ವ್ಯಾಪಾರಕ್ಕೆ ಸಂಕೋಚ ಕೂಡದು ಎಂದು ಅವಳ ಲೆಕ್ಕ.

ಈ ಫಿಸಿಯೋ ಬಗ್ಗೆ ಎರಡು ಮಾತು ಹೇಳಲೇಬೇಕು. ಬಹಳ ತಾಳ್ಮೆಯ ಮನುಷ್ಯ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಅಮ್ಮನನ್ನು ಮುಟ್ಟುತ್ತಿದ್ದ. ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ, "ಒಂದೇ ಒಂದು ಸಲ, ಅಮ್ಮಾ. ಒಂದೇ ಒಂದು ಸಲ" ಎನ್ನುತ್ತಿದ್ದ. ಕಲ್ಲಿನ ಹಾಗೆ ಬಿದ್ದಿದ್ದ ಆ ಕೈ ಸೊಂಟದವರೆಗೆ ಏಳುವಂತೆ ಮಾಡಿದವನು ಅವನೇ. ಔಷಧಿ ಅಂಗಡಿಯವರು ಹೇಳಿ ಕಳಿಸಿದ್ದರು, ಬಂದ, ಬರುತ್ತಲೇ ಇದ್ದ. ಲಾಯರಮ್ಮನ ಮೊಬೈಲಿನಲ್ಲಿ ಅವನ ನಂಬರು 'ಫಿಸಿಯೋ' ಎಂದೇ ಇತ್ತು. ಅವನ ಹೆಸರೇನೆಂದು ಅವಳು ಕೇಳಿಯೇ ಇರಲಿಲ್ಲ. ನಾವೂ ನೀವೂ ಗ್ಯಾಸಿನವನ ಹೆಸರು ಕೇಳುತ್ತೇವೆಯೇ?

ಲಾಯರಮ್ಮನಿಗೆ ಒಂದು ರೂಢಿ ಇತ್ತು. ಹಿರಿಯ ವಕೀಲರು ಕಲಿಸಿದ್ದು. "ಕಕ್ಷಿದಾರ ಹೇಳಿದ್ದನ್ನ ಅವನ ಮುಂದೇನೇ ತಿರುಗಿ ಹೇಳು. ತನ್ನ ಕಥೆ ನಿನ್ನ ಬಾಯಲ್ಲಿ ಕೇಳಿದಾಗ್ಲೇ ಅವನಿಗೆ ತಾನೇನು ಮುಚ್ಚಿಟ್ಟೆ ಅಂತ ನೆನಪಾಗೋದು" ಎನ್ನುತ್ತಿದ್ದರು ಅವರು. ಹಾಗಾಗಿ ಪ್ರತಿ ಕರೆಯಲ್ಲೂ, ಆ ಕಡೆಯವರು ಉಸಿರು ಬಿಡುವುದೇ ತಡ, ಲಾಯರಮ್ಮ ಶುರು ಮಾಡುತ್ತಿದ್ದಳು: "ಅಂದ್ರೆ ನೀವು ಹೇಳೋದು..." ಎಂದು ಆರಂಭಿಸಿ, ಎಲ್ಲವನ್ನೂ ಒಪ್ಪವಾಗಿ ಹೇಳಿ, ಕೊನೆಗೆ "ಸರಿನಾ?" ಎನ್ನುತ್ತಿದ್ದಳು.

ಕಕ್ಷಿದಾರರ ಗುಟ್ಟು ಕಾಯಬೇಕೆಂದು ಇಯರ್‌ಫೋನು ಹಾಕಿಕೊಳ್ಳುತ್ತಿದ್ದಳು, ನೋಡಿ. ಆ ಕಡೆಯವರ ಒಂದು ಪದವೂ ಕೋಣೆಗೆ ಬೀಳುತ್ತಿರಲಿಲ್ಲ. ಅವರು ಹೇಳಿದ್ದನ್ನೆಲ್ಲ ಇವಳೇ ಗಟ್ಟಿಯಾಗಿ ಹೇಳಿಬಿಡುತ್ತಿದ್ದಳು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟವಳ ಜಾಣತನ. ಆದರೆ ಕೇಳುವವರು ಯಾರಿದ್ದರು? ಅಮ್ಮ. ಅಮ್ಮ ಹೊರಗಿನವಳೇ? ಅದೂ ಮಾತು ಬಾರದ ಅಮ್ಮ.

ಅದಕ್ಕಿಂತ ಹೆಚ್ಚಾಗಿ, ಅಮ್ಮ ಎಂಥವಳು ಎಂದು ಅವಳಿಗೆ ಗೊತ್ತಿತ್ತು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ತಂತಿ ಚುಚ್ಚಿ ಊರಿಗೆಲ್ಲ ಲೈನು ಕೊಡುತ್ತಿದ್ದ ಕಾಲ. ಯಾರ ಮನೆಯಲ್ಲಿ ಸಾವು, ಯಾರ ಮದುವೆ ಮುರಿಯಿತು, ಯಾವ ಯಜಮಾನ ಯಾರಿಗೆ ಕದ್ದು ಫೋನು ಮಾಡುತ್ತಾನೆ, ಎಲ್ಲ ಅವಳ ಕಿವಿಯ ಮೂಲಕವೇ ಹೋಗಬೇಕು. ಅಮ್ಮ "ಲೈನ್ ಸಿಕ್ತು, ಮಾತಾಡಿ" ಎಂದು ಹೇಳಿ, ಹೆಡ್‌ಫೋನನ್ನು ಎಡಗೈಯಿಂದ ಕಿವಿಯ ಹಿಂದಕ್ಕೆ ಸರಿಸಿಬಿಡುತ್ತಿದ್ದಳು. ಚಿಕ್ಕವಳಿದ್ದಾಗ ಲಾಯರಮ್ಮ ಆ ಸಾಲು ಕುರ್ಚಿಗಳ ಹಿಂದೆ ಕೂತು ಅದನ್ನು ಎಷ್ಟೋ ಸಲ ನೋಡಿದ್ದಳು. ಅಕ್ಕಪಕ್ಕದವರು ಕೆದಕಿ ಕೆದಕಿ ಕೇಳಿದರೂ ಅಮ್ಮ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. "ಲೈನ್ ಕೊಟ್ಟ ಮೇಲೆ ಕಿವಿ ನಮ್ಮದಲ್ಲ" ಎನ್ನುತ್ತಿದ್ದಳು, ಅಷ್ಟೇ.

ಒಂದು ಬೆಳಿಗ್ಗೆ ಲಾಯರಮ್ಮ ಅಮ್ಮನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ತುಟಿಯಂಚಿನಿಂದ ಇಳಿದದ್ದನ್ನು ಒರೆಸಿದಳು. ಆಗ ಅಮ್ಮ ಅವಳ ಮುಖವನ್ನೇ ನೋಡುತ್ತ, ತೊದಲಿ, ಎಳೆದು, ಒಂದು ಮಾತು ಆಡಿದಳು.

"ಸರಿ... ನಾ?"

ಲಾಯರಮ್ಮನ ಕೈಯಲ್ಲಿದ್ದ ಬಟ್ಟಲು ಜಾರಿತು. ಗಂಜಿಯೆಲ್ಲ ಹಾಸಿಗೆಯ ಪಾಲು. ಅವಳು ಅಮ್ಮನನ್ನು ಅಪ್ಪಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ಚಿಕ್ಕಮ್ಮನಿಗೆ ಫೋನು ಮಾಡಿದಳು, ಕನ್ನಡಕನಿಗೆ ಮಾಡಿದಳು. ಚಿಕ್ಕಮ್ಮ ಓಡಿ ಬಂದವಳೇ, "ಅಕ್ಕಾ, ನನ್ನ ಹೆಸರು ಹೇಳು" ಎಂದು ಪೀಡಿಸಿದಳು. ಅಮ್ಮ ಅವಳನ್ನು ಬಹಳ ಹೊತ್ತು ನೋಡಿ, "ಅಂದ್ರೆ... ನೀವು... ಹೇಳೋದು" ಎಂದಳು.

"ಅಯ್ಯೋ ನನ್ನಕ್ಕ! ನನಗೇ ಬಹುವಚನ!" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡು ನಕ್ಕಳು. "ಮಗಳ ಹತ್ರ ವಕೀಲಿ ಕಲೀತಿದಾಳೆ ಕಣೇ ಇವಳು."

ಮಾತಿನ ಚಿಕಿತ್ಸೆಯ ಡಾಕ್ಟರಮ್ಮ ಪರದೆಯಲ್ಲಿ ಎಲ್ಲ ಕೇಳಿದರು. ದಿನವೂ ಕಿವಿಗೆ ಬೀಳುವ ಮಾತು ಮೊದಲು ಮರಳುತ್ತದೆ, ಅದು ಸಹಜ ಎಂದರು. ಆಮೇಲೆ ಒಂದು ಎಚ್ಚರಿಕೆ ಹೇಳಿದರು.

"ಏನು ಹೇಳಿದ್ರೂ ಹೇಳಲಿ, ಅರ್ಥ ಇರಲಿ ಬಿಡಲಿ. ತಡೀಬೇಡಿ, ಗದರಿಸ್ಬೇಡಿ. ಈ ಹಂತದಲ್ಲಿ ಹೆದರಿ ನಿಂತ ಮಾತು ಮತ್ತೆ ಬರುತ್ತೆ ಅಂತ ನಾನು ಹೇಳೋಕಾಗಲ್ಲ."

ಮಾತು ಬೆಳೆಯತೊಡಗಿತು. ಆದರೆ ಬೆಳೆದದ್ದು ಎಂಥ ಮಾತು? ಒಂದು ಮಧ್ಯಾಹ್ನ ಚಿಕ್ಕಮ್ಮ ಬಟ್ಟೆ ಮಡಿಸುತ್ತಿದ್ದಾಗ ಅಮ್ಮ ಇದ್ದಕ್ಕಿದ್ದಂತೆ, "ಅಳಿಯ... ಮಾವನ ಸಹಿ... ಅವನೇ ಹಾಕಿದ" ಎಂದಳು. ಚಿಕ್ಕಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಯಾರ ಅಳಿಯ ಅಕ್ಕಾ? ಹೇಳು, ಹೇಳು!"

ಮೇಜಿನ ಮುಂದೆ ಕೂತಿದ್ದ ಲಾಯರಮ್ಮ ಗಕ್ಕನೆ ತಿರುಗಿ ನೋಡಿದಳು. ಅದು ಹಿಂದಿನ ದಿನ ಕಕ್ಷಿದಾರನೊಬ್ಬ ಗೋಳಾಡುತ್ತ ಹೇಳಿಕೊಂಡದ್ದು. ಅವನು ಹೇಳಿದ್ದು ಅವಳ ಕಿವಿಗೆ, ಅವಳು ತಿರುಗಿ ಹೇಳಿದ್ದು ಕೋಣೆಗೆ.

ಕನ್ನಡಕನಿಗೆ ಹೇಳಿದಾಗ ಅವನು ನಗಲಿಲ್ಲ.

"ಇವತ್ತೇ ಮೇಜು ಎತ್ತಿ ಅಡುಗೆಮನೇಲಿ ಹಾಕು."

"ಅಲ್ಲಿಂದ ಅಮ್ಮ ಕಾಣಲ್ಲ ಕಣೋ. ಮಗ್ಗುಲಾಗೋಕೆ ಹೋಗಿ ಬಿದ್ರೆ?"

"ಹಾಗಾದ್ರೆ ಬಾಯಿ ಮುಚ್ಕೊಂಡು ಕೇಳು. ಹ್ಞೂಂ ಅನ್ನು, ಉಹ್ಞೂಂ ಅನ್ನು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಮಗಿರೋ ಬಂಡವಾಳ ಅದೊಂದೇ, ಗುಟ್ಟು. ಅದು ಸೋರಿದ್ರೆ ನಾವು ಅಂಗಡಿ ಮುಚ್ಚೋದೇ."

ಸರಿ ಎಂದು ಒಪ್ಪಿಕೊಂಡಳು. ಒಂದಷ್ಟು ದಿನ ಹ್ಞೂಂ, ಉಹ್ಞೂಂ ಎಂದೇ ಕಳೆದಳು. ಆ ದಿನಗಳಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ಛಾವಣಿ ನೋಡುತ್ತ ಮಲಗಿರುತ್ತಿದ್ದಳು, ತುಟಿ ಮತ್ತೆ ಒಂದು ಕಡೆಗೆ ಜೋತುಬಿತ್ತು. ಲಾಯರಮ್ಮ ಪಕ್ಕದಲ್ಲಿ ಕೂತು ಹಳೆಯ ಮಾತು ತೆಗೆದಳು, ಪೇಪರು ಓದಿದಳು, ರೇಡಿಯೋ ಹಚ್ಚಿದಳು. ಯಾವುದಕ್ಕೂ ಅಮ್ಮನ ಕಣ್ಣು ಅಲುಗಲಿಲ್ಲ. ಮತ್ತೊಂದು ದಿನ ಕರೆಯೊಂದರಲ್ಲಿ ಮೈಮರೆತು "ಅಂದ್ರೆ ನೀವು ಹೇಳೋದು" ಎಂದಳು. ಅಮ್ಮನ ತಲೆ ತಟ್ಟನೆ ಇತ್ತ ತಿರುಗಿತು.

ಫೋನಿನಲ್ಲಿ ಆಡುವ ಮಾತು ಎಂದರೆ ಅಮ್ಮನಿಗೆ ಜೀವ. ಜೀವಮಾನವೆಲ್ಲ ಆ ದನಿಯಲ್ಲೇ ಬದುಕಿದವಳು. ಅದು ಗೊತ್ತಾದ ಮೇಲೆ ಲಾಯರಮ್ಮ ಮಾಡಿದ್ದೇನು ಗೊತ್ತೇ? ಮೆಲ್ಲಗೆ ಮಾತಾಡುವುದಿರಲಿ, ಮೊದಲಿಗಿಂತ ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳತೊಡಗಿದಳು. ಎಳೆ ಕೂಸಿಗೆ ಪದ ಕಲಿಸುವ ಹಾಗೆ. ಕಕ್ಷಿದಾರರ ಸಂಕಟವನ್ನು ಅಮ್ಮನಿಗೆ ಮದ್ದು ಮಾಡಿದಳು. ತಪ್ಪೆಂದು ಅವಳಿಗೆ ಗೊತ್ತಿತ್ತು, ದೇವರಾಣೆಗೂ ಗೊತ್ತಿತ್ತು. ಆದರೆ ಹೆತ್ತವಳು 'ಸರಿನಾ' ಎಂದು ಕೇಳುತ್ತಿರುವಾಗ ಧರ್ಮ ಅಧರ್ಮ ತೂಗುವ ತಕ್ಕಡಿ ಯಾರ ಕೈಯಲ್ಲಿ ನೆಟ್ಟಗೆ ನಿಲ್ಲುತ್ತದೆ? ಅವಳು ಎರಡೇ ಎಚ್ಚರ ವಹಿಸಿದಳು. ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಚಿಕ್ಕಮ್ಮನಾಗಲಿ ಫಿಸಿಯೋ ಆಗಲಿ ಬಂದಾಗ ಕರೆ ತೆಗೆದುಕೊಳ್ಳುತ್ತಿರಲಿಲ್ಲ.

ಅಂಥ ದಿನಗಳಲ್ಲೇ ಟೈಲರಮ್ಮನ ಮೊದಲ ಕರೆ ಬಂದದ್ದು. ಊರಿನ ಇನ್ನೊಂದು ತುದಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು. ಕರೆ ಮಾಡುತ್ತಿದ್ದದ್ದು ಅಂಗಡಿಯ ಟ್ರಯಲ್ ರೂಮಿನಿಂದ. ಪರದೆ ಎಳೆದು, ಸ್ಟೂಲಿನ ಮೇಲೆ ಕೂತು, ಕೊರಳಲ್ಲಿ ಅಳತೆ ಟೇಪು ತೂಗುಬಿಟ್ಟುಕೊಂಡೇ ಮಾತಾಡುತ್ತಿದ್ದಳು. ಹಿಂದಿನ ಕನ್ನಡಿಯಲ್ಲಿ ಅವಳ ಬೆನ್ನು ಕಾಣುತ್ತಿತ್ತು. "ಹೆಂಗಸರು ಬಟ್ಟೆ ಹಾಕಿ ನೋಡೋ ಜಾಗ ಅಲ್ವಾ ಮೇಡಂ, ಇಲ್ಲಿಗೆ ಮಾತ್ರ ನಮ್ಮ ಯಜಮಾನರು ನುಗ್ಗಲ್ಲ" ಎಂದಳು. ಪ್ರತಿ ಮಾತಿಗೂ ಮೊದಲು ಸಣ್ಣಗೆ ಉಸಿರೆಳೆದುಕೊಂಡು "ಅದೇನಂದ್ರೆ" ಎನ್ನುವುದು ಅವಳ ವಾಡಿಕೆ.

"ಅದೇನಂದ್ರೆ, ಮೊದಲು ಒಂದು ವಿಷಯ ಹೇಳಿ. ನಿಮ್ಮ ಕಾರ್ಡು ನನಗೆ ಸಿಕ್ಕಿದ್ದು ನಮ್ಮ ಯಜಮಾನರ ಷರ್ಟಿನ ಜೇಬಲ್ಲಿ, ಒಗೆಯೋಕೆ ಹಾಕುವಾಗ. ಅವರೇನಾದ್ರೂ ನಿಮ್ಮ ಹತ್ರ ಬಂದಿದ್ರಾ?"

ಗಂಡನ ಹೆಸರು ಹೇಳಿದಳು. ಆಸ್ಪತ್ರೆಯಲ್ಲಿ ಕೆಲಸ ಎಂದಳು. ಲಾಯರಮ್ಮ ಅಲ್ಲೇ ಕಂಪ್ಯೂಟರಿನಲ್ಲಿ ತನ್ನ ಕಕ್ಷಿದಾರರ ಪಟ್ಟಿಯನ್ನೂ ಕನ್ನಡಕನ ಪಟ್ಟಿಯನ್ನೂ ಹುಡುಕಿದಳು. ಒಂದೇ ಜಗಳದ ಎರಡೂ ಕಡೆಗೆ ವಕೀಲರಾಗಬಾರದು ಎಂಬ ಕಟ್ಟಳೆ ಅವಳಿಗೆ ಗೊತ್ತಿಲ್ಲದ್ದಲ್ಲ. ಆ ಹೆಸರು ಎಲ್ಲಿಯೂ ಇರಲಿಲ್ಲ.

"ಇಲ್ಲಮ್ಮ. ಆ ಹೆಸರಿನವರು ನಮ್ಮ ಹತ್ರ ಬಂದೇ ಇಲ್ಲ. ಕಾರ್ಡು ಊರೆಲ್ಲ ಹಂಚಿದೀನಿ, ಯಾರಾದ್ರೂ ಕೊಟ್ಟಿರ್ತಾರೆ. ಧೈರ್ಯವಾಗಿ ಹೇಳಿ."

ಟೈಲರಮ್ಮ ಹೇಳಿದಳು. ಕೂಗಾಟವಿಲ್ಲ, ಕುಡಿತವಿಲ್ಲ, ಊರಿನ ಬಾಯಲ್ಲಿ ಒಳ್ಳೆಯ ಗಂಡ. ಬಾಗಿಲು ಹಾಕಿದ ಮೇಲೆ ಕೈ ಹಿಡಿದು ತಿರುಚುತ್ತಾನೆ. "ಎಲ್ಲಿ ಒತ್ತಿದ್ರೆ ಪ್ರಾಣ ಹೋಗುತ್ತೆ, ಎಲ್ಲಿ ಒತ್ತಿದ್ರೆ ಗುರುತು ಬೀಳಲ್ಲ, ಎಲ್ಲ ಗೊತ್ತು ಮೇಡಂ ಅವರಿಗೆ. ಕತ್ತರಿ ಹಿಡಿಯೋಕಾಗದೆ ಎಷ್ಟು ದಿನ ಸುಮ್ನೆ ಕೂತಿದೀನಿ." ಈಗ ಶಾಲೆಗೆ ಹೋಗುವ ಮಗಳ ಕೈ ಹಿಡಿಯುವುದಕ್ಕೂ ಶುರು ಮಾಡಿದ್ದನಂತೆ. ಅಷ್ಟು ಹೇಳಿ ಅವಳು ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತುಬಿಟ್ಟಳು.

ಕನ್ನಡಕನೂ ಲಾಯರಮ್ಮನೂ ಸೇರಿ ದಾರಿ ಹುಡುಕಿದರು. ಸೋಮವಾರ ಬೆಳಿಗ್ಗೆ ಅರ್ಜಿ ಕೋರ್ಟಿಗೆ ಬೀಳಬೇಕು, ಗಂಡ ಹತ್ತಿರ ಸುಳಿಯದಂತೆ ಆದೇಶ ಕೇಳಬೇಕು. ಅದು ಕೈಗೆ ಬರುವ ಮೊದಲು ಅವನಿಗೆ ವಾಸನೆ ಹತ್ತಬಾರದು. ಹತ್ತಿದರೆ ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತೇನೆಂದು ಅವನು ಹಿಂದೆಯೇ ಹೆದರಿಸಿದ್ದ. ಶನಿವಾರ ಬೆಳಿಗ್ಗೆ ಕೊನೆಯ ಸಲ ಎಲ್ಲವನ್ನೂ ಗಟ್ಟಿ ಮಾಡಿಕೊಂಡರು.

"ಅಂದ್ರೆ ನೀವು ಹೇಳೋದು," ಎಂದಳು ಲಾಯರಮ್ಮ, "ಸೋಮವಾರ ಮಗು ಸ್ಕೂಲಿಂದ ಮನೆಗೆ ಬರಲ್ಲ. ಸೀದಾ ಅಣ್ಣನ ಮನೆಗೆ. ನೀವೂ ಅಂಗಡಿ ಬೀಗ ಹಾಕಿ ಅಲ್ಲಿಗೇ. ಅವರಿಗೆ ಗೊತ್ತಾಗೋದು ಕೋರ್ಟಿನ ಕಾಗದ ಬಂದ ಮೇಲೆ. ಸರಿನಾ?"

ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ. ಓರೆಗಣ್ಣಿಗೆ ಅಮ್ಮನ ತುಟಿ ಅಲುಗುವುದು ಕಾಣಿಸುತ್ತಿತ್ತು. ಅದಕ್ಕಾಗಿ ಇನ್ನೊಮ್ಮೆ, ಇನ್ನಷ್ಟು ಬಿಡಿಸಿ ಹೇಳಿದಳು.

ಅದೇ ದಿನ ಮಧ್ಯಾಹ್ನ ಫಿಸಿಯೋ ಬಂದ. ಚಪ್ಪಲಿ ಬಿಟ್ಟ, ಕೈ ತೊಳೆದ, ಅಂಗೈ ಉಜ್ಜಿಕೊಂಡ. ಅಮ್ಮನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಮೇಲೆತ್ತುತ್ತಿದ್ದ. ಅಷ್ಟರಲ್ಲಿ ಮಂಚದ ಮೇಲಿಟ್ಟಿದ್ದ ಅವನ ಮೊಬೈಲು ಹೊಡೆದುಕೊಂಡಿತು. ನಿಂತಿತು, ಮತ್ತೆ ಹೊಡೆದುಕೊಂಡಿತು.

"ಮೇಡಂ, ಕೈ ಬಿಟ್ರೆ ಅಮ್ಮಂಗೆ ನೋವಾಗುತ್ತೆ. ಸ್ವಲ್ಪ ಸ್ಪೀಕರ್ ಹಾಕಿ ಹಿಡಿತೀರಾ?"

ಲಾಯರಮ್ಮ ಹಸಿರು ಗುಂಡಿ ಒತ್ತಿ ಅವನ ಮುಖದ ಹತ್ತಿರ ಹಿಡಿದಳು.

ಆ ಕಡೆ ಸಣ್ಣಗೆ ಉಸಿರೆಳೆದುಕೊಂಡ ಸದ್ದು. "ಅದೇನಂದ್ರೆ, ಇವತ್ತು ಬೇಗ ಬರ್ತೀರಾ ಅಂತ ಕೇಳೋಣ ಅಂತ..."

ಬೆಳಿಗ್ಗೆಯಷ್ಟೇ ಲಾಯರಮ್ಮನ ಕಿವಿಯೊಳಗೆ ಕೂತು ಮಾತಾಡಿದ ದನಿ. ತಾನು ಒಂದು ಶಬ್ದ ಆಡಿದರೂ ಆ ಕಡೆಯವಳಿಗೆ ಗುರುತು ಸಿಗುತ್ತದೆ. ಅವಳು ಉಸಿರು ಬಿಗಿಹಿಡಿದು ಫೋನು ಹಿಡಿದುಕೊಂಡೇ ನಿಂತಳು.

"ಕೆಲಸದಲ್ಲಿದೀನಿ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?" ಎಂದ ಫಿಸಿಯೋ. ದನಿ ಏರಿಸಲೇ ಇಲ್ಲ. ಅಮ್ಮನಿಗೆ 'ಒಂದೇ ಒಂದು ಸಲ' ಎನ್ನುವ ಅದೇ ಮೆತ್ತನೆಯ ದನಿ. "ಬರ್ತೀನಿ. ಬಂದ ಮೇಲೆ ಮಾತಾಡೋಣ." ಆ ಕಡೆ ಫೋನು ಕಟ್ಟಾಯಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಲಾಯರಮ್ಮ ಎರಡು ಪಟ್ಟಿಗಳಲ್ಲಿ ಹುಡುಕಿದ್ದ ಹೆಸರು ಅವಳ ಅಮ್ಮನ ಮಂಚದ ಮೇಲೆ ಕೂತಿತ್ತು. ಅವಳ ಕಣ್ಣು ಅವನ ಬೆರಳುಗಳ ಮೇಲೆ ಬಿತ್ತು. ಅಮ್ಮನ ಮಣಿಕಟ್ಟಿನ ಮೇಲೆ, ಎಲ್ಲಿ ಒತ್ತಬೇಕೋ ಅಲ್ಲಿ, ಎಷ್ಟು ಒತ್ತಬೇಕೋ ಅಷ್ಟು.

ಫೋನಿನ ದನಿ ಕೇಳಿದ್ದೇ ತಡ, ಅಮ್ಮನ ಮುಖ ಅರಳಿತು.

"ಅಂದ್ರೆ... ನೀವು ಹೇಳೋದು" ಎಂದಳು.

"ಅರೆ! ಅಮ್ಮ ಮಾತಾಡ್ತಿದಾರೆ!" ಫಿಸಿಯೋನ ಮುಂದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು, ಮಗುವಿನಂತೆ ಖುಷಿಪಟ್ಟ. ನಿಜವಾಗಿ ಖುಷಿಪಟ್ಟ, ಅದರಲ್ಲಿ ಸುಳ್ಳಿರಲಿಲ್ಲ. "ಹೇಳಿ ಅಮ್ಮಾ, ಇನ್ನೂ ಹೇಳಿ."

"ಸೋಮವಾರ..."

"ಹ್ಞಾಂ, ಸೋಮವಾರ? ಏನು ಸೋಮವಾರ?"

"ಮಗು... ಸ್ಕೂಲಿಂದ..."

ಲಾಯರಮ್ಮನಿಗೆ ಡಾಕ್ಟರಮ್ಮನ ಮಾತು ನೆನಪಿತ್ತು. ಪದ ಪದವೂ ನೆನಪಿತ್ತು. ಇಷ್ಟು ಉದ್ದದ ಮಾತನ್ನು ಅಮ್ಮ ಹಿಂದೆಂದೂ ಆಡಿರಲಿಲ್ಲ. ಬಾಯಿ ನೆಟ್ಟಗಾಗಿತ್ತು, ಕಣ್ಣಿನಲ್ಲಿ ಹಳೆಯ ಹೊಳಪು ಬಂದಿತ್ತು. ಮುಂದಿನದು 'ಮನೆಗೆ ಬರಲ್ಲ', ಅದರ ಹಿಂದೆಯೇ 'ಅಣ್ಣ'. ಅದು ಹೊರಬಿದ್ದರೆ ಸಾಕು, ಎದುರು ಕೂತವನು ದಡ್ಡನಲ್ಲ.

"ಅಮ್ಮಾ! ಬಾಯಿ ಮುಚ್ಚು!"

ಕೋಣೆ ನಡುಗುವ ಹಾಗೆ ಕಿರುಚಿದಳು. ಕೈಯಲ್ಲಿದ್ದ ಅವನ ಮೊಬೈಲು ನೆಲಕ್ಕೆ ಬಿತ್ತು. ಹುಟ್ಟಿದಾಗಿನಿಂದ ಅಮ್ಮನ ಮುಂದೆ ಅವಳು ಆ ದನಿ ತೆಗೆದವಳಲ್ಲ.

ಅಮ್ಮನ ತುಟಿ ಅಷ್ಟಕ್ಕೇ ನಿಂತಿತು. ಮಗಳನ್ನು ನೋಡಿದಳು. ಮಗಳ ಮುಖ ನೋಡಿ, ಫಿಸಿಯೋನನ್ನು ನೋಡಿ, ನೆಲದ ಮೇಲಿದ್ದ ಫೋನನ್ನು ನೋಡಿದಳು. ಆಮೇಲೆ ಬಾಯಿ ಮುಚ್ಚಿದಳು.

"ಯಾಕೆ ಮೇಡಂ ಹಾಗೆ ಗದರಿಸ್ತೀರಿ, ಪಾಪ" ಎಂದ ಫಿಸಿಯೋ. ಅವನ ಮುಖದಲ್ಲಿ ಮರುಕವಿತ್ತು. "ಎಷ್ಟು ಕಷ್ಟಪಟ್ಟು ಮಾತಾಡ್ತಿದ್ರು."

"ತಲೆ ಕೆಟ್ಟಿದೆ ಇವತ್ತು. ನೀವು ಹೊರಡಿ, ಇವತ್ತಿಗೆ ಸಾಕು" ಎಂದಳು ಲಾಯರಮ್ಮ. ಅವನು ಅಮ್ಮನ ಕೈಯನ್ನು ಜೋಪಾನವಾಗಿ ದಿಂಬಿನ ಮೇಲಿಟ್ಟು, ಫೋನು ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದ.

ಅವಳು ಮೆಟ್ಟಿಲ ಮೇಲೆ ಕೂತು ಮೊದಲು ಕನ್ನಡಕನಿಗೆ, ಆಮೇಲೆ ಟೈಲರಮ್ಮನಿಗೆ ಫೋನು ಮಾಡಿದಳು. ಏನನ್ನೂ ಮುಚ್ಚಿಡಲಿಲ್ಲ. ಅವನು ತನ್ನ ಮನೆಗೇ ಬರುತ್ತಾನೆ, ತನಗೆ ಹೆಸರು ಗೊತ್ತಿರಲಿಲ್ಲ, ಅಮ್ಮ ಅರ್ಧ ಮಾತು ಆಡಿದಳು, ಎಲ್ಲ ಹೇಳಿದಳು.

ಟೈಲರಮ್ಮ ಉಸಿರೆಳೆದುಕೊಳ್ಳದೆ, 'ಅದೇನಂದ್ರೆ' ಎನ್ನದೆ, "ಬಂದೇ ಇಲ್ಲ ಅಂದ್ರಲ್ಲ ಮೇಡಂ" ಎಂದಳು. "ಧೈರ್ಯವಾಗಿ ಹೇಳಿ ಅಂದ್ರಲ್ಲ."

"ತಪ್ಪಾಯ್ತು" ಎಂದಳು ಲಾಯರಮ್ಮ. ಅದಕ್ಕಿಂತ ಹೆಚ್ಚಿನದು ಅವಳ ಕಾನೂನಿನಲ್ಲೂ ಇರಲಿಲ್ಲ.

ಟೈಲರಮ್ಮ ಸೋಮವಾರದವರೆಗೆ ಕಾಯಲಿಲ್ಲ. ಅವನು ಮನೆ ಮುಟ್ಟುವ ಮೊದಲೇ ಉಟ್ಟ ಬಟ್ಟೆಯಲ್ಲಿ ಮಗಳ ಕೈ ಹಿಡಿದುಕೊಂಡು ಹೊರಟಳು. ಅಣ್ಣನ ಮನೆಗೂ ಹೋಗಲಿಲ್ಲ, ಕನ್ನಡಕ ಹುಡುಕಿಕೊಟ್ಟ ಮಹಿಳೆಯರ ಆಶ್ರಯಕ್ಕೆ ಹೋದಳು. ಇನ್ನು ಮುಂದೆ ತನ್ನ ಪರವಾಗಿ ಕನ್ನಡಕನೇ ಇರಲಿ, ಆ ಮೇಡಂ ಬೇಡ ಎಂದಳಂತೆ. ಅವನೊಬ್ಬನೇ ಅರ್ಜಿ ಹಾಕಿದ, ಆದೇಶವೂ ಸಿಕ್ಕಿತು. ತಾಯಿ ಮಗಳು ಉಳಿದರು. ಅದೊಂದು ಸಮಾಧಾನ, ದೊಡ್ಡ ಸಮಾಧಾನವೇ.

ಕೋರ್ಟಿನ ಕಾಗದ ಕೈಸೇರಿದ ದಿನ ಲಾಯರಮ್ಮನ ಮೊಬೈಲಿನಲ್ಲಿ 'ಫಿಸಿಯೋ' ಎಂಬ ಹೆಸರು ಮಿನುಗಿತು. ಎತ್ತಿದಳು.

"ನಿಮ್ಮ ಕಾರ್ಡಿನಲ್ಲಿರೋ ಹೆಸರೇ ಈ ಕಾಗದದಲ್ಲೂ ಇದೆ. ಅಮ್ಮ ಅವತ್ತು ನನ್ನ ಮನೆ ವಿಷಯಾನೇ ಹೇಳ್ತಿದ್ರು ಅಲ್ವಾ ಮೇಡಂ?" ಅದೇ ಮೆತ್ತನೆಯ ದನಿ. "ಆಗ ಹೊಳೀಲಿಲ್ಲ ನೋಡಿ." ಆಮೇಲೆ, "ಅವರ ಕೈ ಎತ್ತಿಸಿದವನು ನಾನು. ನೆನಪಿಟ್ಕೊಳ್ಳಿ" ಎಂದ. ಬೆದರಿಕೆಯೋ, ದುಃಖವೋ ಅವಳಿಗೆ ತಿಳಿಯಲಿಲ್ಲ. ಕನ್ನಡಕ ಅದನ್ನೂ ಪೊಲೀಸರಿಗೆ ಬರೆದುಕೊಟ್ಟ. ಅವನು ಮತ್ತೆ ಬರಲಿಲ್ಲ.

ಅಮ್ಮನ ಕೈ ಮತ್ತೆ ಬಿತ್ತು. ಬೇರೆ ಫಿಸಿಯೋ ಬಂದಳು, ಒಳ್ಳೆಯವಳೇ. ಅಮ್ಮ ಕೈ ಕೊಟ್ಟಳು, ಕೈಯಲ್ಲಿ ಜೀವ ಕೊಡಲಿಲ್ಲ. ಮಾತಂತೂ ಅಂದೇ ನಿಂತದ್ದು ನಿಂತೇ ಹೋಯಿತು. ಡಾಕ್ಟರಮ್ಮ ಪರದೆಯಲ್ಲಿ ಎಲ್ಲ ಕೇಳಿ, "ಹೇಳಿದ್ದೆನಲ್ಲಮ್ಮ" ಎಂದಷ್ಟೇ ಅಂದರು.

ಲಾಯರಮ್ಮ ಮೇಜನ್ನು ಅಡುಗೆಮನೆಗೆ ಸಾಗಿಸಿದಳು. ನಡುವಿನ ಬಾಗಿಲು ಮುಚ್ಚಿ, ಅಮ್ಮನ ಹತ್ತಿರ ಚಿಕ್ಕಮ್ಮನನ್ನು ಕೂರಿಸಿ, ಒಲೆಯ ಪಕ್ಕ ಕೂತು ಪಿಸುಗುಟ್ಟುತ್ತ ವಕೀಲಿ ಮಾಡಿದಳು. ಈಗ ಆಫೀಸಿಗೆ ಬಾಗಿಲು ಬಂದಿತ್ತು. 'ಅಂದ್ರೆ ನೀವು ಹೇಳೋದು' ಎನ್ನುವುದನ್ನು ಬಿಟ್ಟೇಬಿಟ್ಟಳು.

ಆದರೆ ಫೋನು ಹೊಡೆದುಕೊಳ್ಳುವ ಸದ್ದಿಗೆ ಬಾಗಿಲು ಅಡ್ಡವಾಗುತ್ತದೆಯೇ? ಪ್ರತಿ ಸಲ ಅದು ಹೊಡೆದುಕೊಂಡಾಗಲೂ ಅಮ್ಮ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. ಎಡಗೈ ಎತ್ತಿ ಕಿವಿಯ ಹತ್ತಿರ ಏನನ್ನೋ ಹಿಂದಕ್ಕೆ ಸರಿಸುತ್ತಿದ್ದಳು. ಕೂದಲಿರಬೇಕು ಎಂದುಕೊಂಡ ಲಾಯರಮ್ಮ ಬಾಚಿ ಬಿಗಿಯಾಗಿ ಜಡೆ ಹಾಕಿದಳು. ನೊಣವಿರಬೇಕು ಎಂದು ಸೊಳ್ಳೆಪರದೆ ಕಟ್ಟಿದಳು. ಕೈ ಮತ್ತೆ ಅದನ್ನೇ ಮಾಡಿತು.

ಒಂದು ದಿನ ಅದನ್ನು ನೋಡುತ್ತಿದ್ದ ಚಿಕ್ಕಮ್ಮ ತಟ್ಟನೆ ಬಾಯಿಗೆ ಸೆರಗು ಹಿಡಿದಳು.

"ಅಯ್ಯೋ, ಅದು ಅಕ್ಕನ ಎಕ್ಸ್‌ಚೇಂಜಿನ ಕೈ ಕಣೇ! ಹೆಡ್‌ಫೋನ್ ತೆಗೀತಿದಾಳೆ!"

ಲಾಯರಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತವಳು ನಿಂತ ಹಾಗೇ ಇದ್ದಳು. ಇಷ್ಟು ದಿನ ಅವಳು ಅಂದುಕೊಂಡಿದ್ದೇ ಬೇರೆ. ಹೆದರಿದ ಮಾತು ಓಡಿಹೋಯಿತು, ತನ್ನ ಕಿರುಚಾಟವೇ ಅದನ್ನು ಕೊಂದಿತು ಎಂದು ಎದೆ ಬಡಿದುಕೊಂಡಿದ್ದಳು. ಮಾತು ಎಲ್ಲೂ ಓಡಿಹೋಗಿರಲಿಲ್ಲ. ಅಮ್ಮ ಅದನ್ನು ಹಿಡಿದಿಟ್ಟುಕೊಂಡಿದ್ದಳು. ಜೀವಮಾನವಿಡೀ ಯಾರ ಗುಟ್ಟನ್ನೂ ಬಿಟ್ಟುಕೊಡದವಳು, ತನ್ನ ಬಾಯಿಂದ ಏನು ಸೋರಿತು ಎಂಬುದನ್ನು ಆ ಒಂದು ಕಿರುಚಿನಲ್ಲೇ ತಿಳಿದುಕೊಂಡಿದ್ದಳು.

ಚಿಕ್ಕಮ್ಮ ಮೆಲ್ಲಗೆ ಎದ್ದು ಹೊರಗೆ ಹೋದಳು. ಲಾಯರಮ್ಮ ಬಂದು ಮಂಚದ ಮೇಲೆ ಕೂತಳು. ಇಯರ್‌ಫೋನು ಇನ್ನೂ ಕಿವಿಯಲ್ಲೇ ಇತ್ತು.

"ಅಮ್ಮಾ," ಎಂದಳು. ಬಿಟ್ಟಿದ್ದ ಮಾತು ತಾನಾಗಿ ಬಾಯಿಗೆ ಬಂತು. "ಅಂದ್ರೆ ನೀನು ಹೇಳೋದು... ಕೇಳಿಸ್ಕೊಂಡಿದ್ದು ನನ್ನ ತಪ್ಪು, ಇನ್ಮೇಲೆ ಬಾಯಿ ಬಿಡಲ್ಲ ಅಂತ." ಅಮ್ಮನ ಬಲಗೈ ಹಿಡಿದಳು. "ಸರಿ ಅಲ್ಲಮ್ಮ. ಅದು ಸರಿ ಅಲ್ಲ. ನಿನ್ನ ಕಿವಿಗೆ ಸುರಿದವಳು ನಾನು. ನೀನು ಮಾತಾಡಲಿ ಅಂತ ಊರವರ ನೋವನ್ನೆಲ್ಲ ತಂದು ನಿನ್ನ ಕಿವಿಗೆ ಸುರಿದೆ. ಈಗ ಇಲ್ಲಿ ಯಾರೂ ಇಲ್ಲ, ನಾನೊಬ್ಬಳೇ. ಏನಾದ್ರೂ ಹೇಳು. ಬೈಯಿ ಬೇಕಾದ್ರೆ. ಒಂದೇ ಒಂದು ಸಲ, ಅಮ್ಮಾ."

ಹೇಳಿದ ಮೇಲೆ ಅದು ಯಾರ ಮಾತೆಂದು ಅವಳಿಗೇ ಹೊಳೆಯಿತು. ಅವಳು ತುಟಿ ಕಚ್ಚಿಕೊಂಡಳು.

ಅಮ್ಮ ಅವಳನ್ನು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಎಡಗೈ ನಿಧಾನವಾಗಿ ಮೇಲೆದ್ದು ಮಗಳ ಕೆನ್ನೆ ಮುಟ್ಟಿತು, ಕೆನ್ನೆಯಿಂದ ಕಿವಿಗೆ ಹೋಯಿತು. ಎರಡು ಬೆರಳಿನಲ್ಲಿ ಇಯರ್‌ಫೋನನ್ನು ಹಿಡಿದು, ಹಿಂದಕ್ಕೆ ಸರಿಸಿ, ತೆಗೆದು ಹಾಸಿಗೆಯ ಮೇಲಿಟ್ಟಳು.

ಅಡುಗೆಮನೆಯಲ್ಲಿ ಫೋನು ಹೊಡೆದುಕೊಂಡಿತು. ಅಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಬದುಕಿದ್ದಷ್ಟು ದಿನವೂ ಅವಳು ಮತ್ತೆ ಮಾತಾಡಲಿಲ್ಲ.